ನಾರೇ ಹೂವಾಗುವ ಲೆಕ್ಕ

ಹೂವಿನ ಸಂಗದಿಂದ ನಾರೂ ಸ್ವರ್ಗ ಸೇರಿತು ಎಂಬುದು ಹಳೆಯ ಗಾದೆ. ಕ್ರೋಶಾ ಹೆಣಿಗೆಯಲ್ಲಿ ಮಾತ್ರ ನಾರಿಗೆ ಹೂವಿನ ಹಂಗಿಲ್ಲ. ಅಲ್ಲಿ ನಾರೇ ಹೂವಾಗುತ್ತದೆ. ಒಂದು ಉಂಡೆ ನೂಲು, ತುದಿಯಲ್ಲಿ ಕೊಕ್ಕೆಯಿರುವ ಅರ್ಧ ಅಡಿ ಉದ್ದದ ಕಡ್ಡಿ, ಜೊತೆಗೆ ಒಂದಿಷ್ಟು ತಾಳ್ಮೆ. ಇಷ್ಟಿದ್ದರೆ ಬಾಡದ ಗುಲಾಬಿ ಮನೆಯ ಜಗಲಿಯ ಮೇಲೇ ಅರಳುತ್ತದೆ.

ಒಂದು ಕಾಲದಲ್ಲಿ ಊರೂರಿನ ಮನೆಗಳಲ್ಲಿ ಕ್ರೋಶಾ ಕಾಣುತ್ತಿತ್ತು. ರೇಡಿಯೋದ ಮೇಲಿನ ಮುಸುಕು, ಮೇಜಿನ ಹಾಸು, ಬಾಗಿಲಿನ ತೋರಣ, ಆಮೇಲೆ ಬಂದ ಟಿ.ವಿ.ಯ ಹೊದಿಕೆ ಎಲ್ಲವೂ ಮನೆಯ ಹೆಣ್ಣುಮಕ್ಕಳ ಕೈಕೆಲಸ. ಬರಬರುತ್ತಾ ಅವೆಲ್ಲ ಟ್ರಂಕು ಸೇರಿದವು. ಈಗ ಅದೇ ಕಡ್ಡಿ ಹೂಗುಚ್ಛದ ನೆಪದಲ್ಲಿ ಮರಳಿ ಬಂದಿದೆ. ಶಿಕ್ಷಕರ ದಿನಾಚರಣೆಗೋ ಗೆಳತಿಯ ಹುಟ್ಟುಹಬ್ಬಕ್ಕೋ ಒಂದು ಗುಚ್ಛ ಕೊಡಬೇಕೆಂದು ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಮೊಬೈಲಿನ ವಿಡಿಯೋ ನೋಡುತ್ತ ನೂಲು ಹಿಡಿದು ಕೂರುತ್ತಾರೆ. ಹೀಗೆ ಕೂರುವವರಲ್ಲಿ ಹುಡುಗರೂ ಇದ್ದಾರೆ.

ಆಗ ತಂದೆ ತಾಯಂದಿರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಪರೀಕ್ಷೆ ಹತ್ತಿರ ಬಂತು. ನಾಲ್ಕು ಕಾಸು ಕೊಟ್ಟರೆ ಅಂಗಡಿಯಲ್ಲೇ ಸಿಗುವುದಕ್ಕೆ ಇಷ್ಟು ಹೊತ್ತು ಯಾಕೆ ಹಾಳು ಮಾಡಬೇಕು?’ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಆ ಹೂವಿನೊಳಗೇ ಇದೆ. ಒಂದು ಗುಚ್ಛ ಹೆಣೆದು ಮುಗಿಸಿದ ಮಗುವಿಗೆ ಎರಡು ಲೆಕ್ಕ ಗೊತ್ತಾಗಿರುತ್ತದೆ. ಒಂದು ಹೊಲಿಗೆಯ ಲೆಕ್ಕ, ಇನ್ನೊಂದು ಗಂಟೆಯ ಲೆಕ್ಕ. ಎರಡನೆಯದು ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ.

ಬೇಕಾಗುವ ಸಾಮಗ್ರಿ

ಏಳು ಗುಲಾಬಿಗಳ ಚಿಕ್ಕ ಗುಚ್ಛಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಮಧ್ಯಮ ದಪ್ಪದ ಹತ್ತಿ ನೂಲು ಕೆಂಪು ಬಣ್ಣದ್ದು ಒಂದೆರಡು ಉಂಡೆ, ಹಸಿರು ಬಣ್ಣದ್ದು ಒಂದು. ಮೂರು ಮಿಲಿಮೀಟರ್ ಅಳತೆಯ ಅಲ್ಯೂಮಿನಿಯಂ ಕ್ರೋಶಾ ಕಡ್ಡಿ. ದೊಡ್ಡ ಕಣ್ಣಿನ ಮೊಂಡು ಸೂಜಿ, ಕತ್ತರಿ, ದಂಟಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ, ಸ್ವಲ್ಪ ಅಂಟು, ಸುತ್ತಲು ಕಂದು ಕಾಗದ. ಲೇಸು ಹೆಣೆಯುವ ಸಣ್ಣ ನೂಲು ಮತ್ತು ಸ್ಟೀಲಿನ ತೆಳು ಕಡ್ಡಿ ಕಲಿಯುವವರಿಗೆ ಬೇಡ. ಹೊಲಿಗೆ ಕಣ್ಣಿಗೆ ಸರಿಯಾಗಿ ಕಾಣದೆ ಮೊದಲ ದಿನವೇ ಬೇಸರ ಬರುತ್ತದೆ.

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಅಕ್ರಿಲಿಕ್ ನೂಲು ಹೊಳೆಯುತ್ತದೆ, ಹಗುರವಾಗಿಯೂ ಇರುತ್ತದೆ. ಆದರೆ ಅದು ಪ್ಲಾಸ್ಟಿಕ್ಕಿನ ಜಾತಿಯದು, ಮಣ್ಣಿನಲ್ಲಿ ಕರಗುವುದಿಲ್ಲ. ಹತ್ತಿಯ ನೂಲಿನಲ್ಲಿ ಹೊಲಿಗೆ ಸ್ಪಷ್ಟವಾಗಿ ಕಾಣುವುದರಿಂದ ಕಲಿಯುವವರಿಗೆ ಅದೇ ವಾಸಿ.

ನಾಲ್ಕೇ ಹೊಲಿಗೆ

ಮೊದಲು ಜಾರುಗಂಟು ಹಾಕಿ ಕುಣಿಕೆಯನ್ನು ಕಡ್ಡಿಗೆ ಏರಿಸಬೇಕು. ನೂಲನ್ನು ಕೊಕ್ಕೆಗೆ ಸಿಕ್ಕಿಸಿ ಕುಣಿಕೆಯೊಳಗಿಂದ ಎಳೆದರೆ ಒಂದು ಸರಪಳಿ. ಹೀಗೆ ಎಳೆಯುತ್ತ ಹೋದರೆ ಜಡೆಯಂತಹ ಸಾಲು ಬರುತ್ತದೆ. ಕ್ರೋಶಾದ ಕೆಲಸವೆಲ್ಲ ನಿಲ್ಲುವುದು ಈ ಸಾಲಿನ ಮೇಲೆ. ಸರಪಳಿ ಬಿಗಿಯಾದರೆ ಮುಂದಿನ ಸಾಲಿಗೆ ಕಡ್ಡಿ ತೂರುವುದಿಲ್ಲ, ಸಡಿಲವಾದರೆ ಹೂ ಜೋತುಬೀಳುತ್ತದೆ. ಮೊದಲ ದಿನ ಬರೀ ಸರಪಳಿ ಹಾಕಿ ಬಿಚ್ಚುವುದರಲ್ಲೇ ಕಳೆದರೂ ನಷ್ಟವಿಲ್ಲ.

ಎರಡನೆಯದು ಜಾರು ಹೊಲಿಗೆ. ಹಿಂದಿನ ಸಾಲಿನ ಕಣ್ಣಿಗೆ ಕಡ್ಡಿ ತೂರಿಸಿ, ನೂಲನ್ನು ಎಳೆದು, ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಒಮ್ಮೆಗೇ ದಾಟಿಸುವುದು. ಇದು ಸೇರಿಸುವುದಕ್ಕೆ, ಮುಂದೆ ಸಾಗುವುದಕ್ಕೆ. ಮೂರನೆಯದು ಗಿಡ್ಡ ಕಂಬ. ಕಡ್ಡಿ ತೂರಿಸಿ ನೂಲನ್ನು ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ನೂಲು ಸಿಕ್ಕಿಸಿ ಎರಡರೊಳಗಿಂದಲೂ ಎಳೆಯಬೇಕು. ನಾಲ್ಕನೆಯದು ಉದ್ದ ಕಂಬ. ಇದಕ್ಕೆ ಕಣ್ಣಿಗೆ ತೂರಿಸುವ ಮೊದಲೇ ಕಡ್ಡಿಗೆ ನೂಲು ಒಂದು ಸುತ್ತು ಸುತ್ತಬೇಕು. ತೂರಿಸಿ ಎಳೆದಾಗ ಮೂರು ಕುಣಿಕೆಗಳಾಗುತ್ತವೆ. ನೂಲು ಸಿಕ್ಕಿಸಿ ಮೊದಲ ಎರಡರಿಂದ, ಮತ್ತೊಮ್ಮೆ ಸಿಕ್ಕಿಸಿ ಉಳಿದ ಎರಡರಿಂದ ಎಳೆದರೆ ಮುಗಿಯಿತು.

ಪುಸ್ತಕ, ವಿಡಿಯೋ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು ಗಿಡ್ಡ ಕಂಬವನ್ನು ಸಿಂಗಲ್ ಎಂದೂ ಉದ್ದ ಕಂಬವನ್ನು ಡಬಲ್ ಎಂದೂ ಕರೆಯುತ್ತಾರೆ. ಬ್ರಿಟನ್ನಿನ ಪುಸ್ತಕಗಳಲ್ಲಿ ಅದೇ ಗಿಡ್ಡ ಕಂಬ ಡಬಲ್, ಉದ್ದ ಕಂಬ ಟ್ರೆಬಲ್. ಎಷ್ಟೋ ಹೂಗಳು ಅಳತೆ ತಪ್ಪುವುದು ಕೈಯ ದೋಷದಿಂದಲ್ಲ, ಈ ಹೆಸರಿನ ಗೊಂದಲದಿಂದ.

ಗುಲಾಬಿ ಅರಳುವ ಬಗೆ

ಕೆಂಪು ನೂಲಿನಲ್ಲಿ 47 ಸರಪಳಿ ಹಾಕಬೇಕು. ಕಡ್ಡಿಯಿಂದ ಹಿಂದಕ್ಕೆ ಎಣಿಸಿ ಐದನೆಯ ಸರಪಳಿಯಲ್ಲಿ ಒಂದು ಉದ್ದ ಕಂಬ ಹಾಕಿದರೆ, ಬಿಟ್ಟ ನಾಲ್ಕು ಸರಪಳಿ ಮತ್ತು ಈ ಕಂಬ ಸೇರಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರ ಬರುತ್ತದೆ. ಮುಂದೆ ಎರಡು ಸರಪಳಿ ಬಿಟ್ಟು ಮೂರನೆಯದರಲ್ಲಿ ಒಂದು ಉದ್ದ ಕಂಬ, ಒಂದು ಸರಪಳಿ, ಮತ್ತೆ ಅದೇ ಕಣ್ಣಿನಲ್ಲಿ ಇನ್ನೊಂದು ಉದ್ದ ಕಂಬ. ಇದು ಎರಡನೆಯ ‘ವಿ’. ಹೀಗೇ ಕೊನೆಯವರೆಗೆ ಹೋದರೆ ಒಟ್ಟು 15 ‘ವಿ’ಗಳು ಬರಬೇಕು. ಹದಿನಾಲ್ಕೋ ಹದಿನಾರೋ ಬಂದರೆ ಎಲ್ಲೋ ಎಣಿಕೆ ತಪ್ಪಿದೆ ಎಂದರ್ಥ.

ಈಗ ಹೆಣಿಗೆಯನ್ನು ತಿರುಗಿಸಿ, ಮೊದಲ ‘ವಿ’ಯ ನಡುವಿನ ಕಿಂಡಿಗೆ ಜಾರು ಹೊಲಿಗೆಯಿಂದ ಸಾಗಿ, 2 ಸರಪಳಿ ಹಾಕಿ, ಅದೇ ಕಿಂಡಿಯಲ್ಲಿ 5 ಉದ್ದ ಕಂಬ ಹಾಕಬೇಕು. ಒಂದು ಎಸಳಾಯಿತು. ಎರಡು ‘ವಿ’ಗಳ ನಡುವಿನ ಜಾಗದಲ್ಲಿ 1 ಗಿಡ್ಡ ಕಂಬ ಹಾಕಿ, ಮುಂದಿನ ಕಿಂಡಿಯಲ್ಲಿ ಮತ್ತೆ 5 ಉದ್ದ ಕಂಬ. ಮೊದಲ ಐದು ಎಸಳಿಗೆ ಐದೈದು, ನಂತರದ ಐದಕ್ಕೆ ಏಳೇಳು, ಕೊನೆಯ ಐದಕ್ಕೆ ಒಂಬತ್ತೊಂಬತ್ತು ಉದ್ದ ಕಂಬ. ಒಂದಡಿಯಷ್ಟು ನೂಲು ಬಿಟ್ಟು ಕತ್ತರಿಸಿ ಗಂಟು ಹಾಕಬೇಕು.

ಕೈಯಲ್ಲಿರುವುದು ಆಗಲೇ ತಾನಾಗಿ ಸುರುಳಿಗಟ್ಟುವ ಪಟ್ಟಿ. ಚಿಕ್ಕ ಎಸಳುಗಳ ಕಡೆಯಿಂದ ಚಾಪೆ ಸುತ್ತುವಂತೆ ಸುತ್ತುತ್ತ ಬಂದರೆ, ಒಳಗೆ ಮೊಗ್ಗಿನ ಬಿಗಿ, ಹೊರಗೆ ಅರಳಿದ ದಳ. ಉಳಿಸಿದ ನೂಲನ್ನು ಸೂಜಿಗೆ ಪೋಣಿಸಿ ಬುಡವನ್ನು ಆಚೀಚೆ ನಾಲ್ಕಾರು ಸಲ ಹೊಲಿದರೆ ಗುಲಾಬಿ ಬಿಚ್ಚಿಕೊಳ್ಳುವುದಿಲ್ಲ. ಲೆಕ್ಕ ಹಾಕಿದರೆ ಒಂದು ಹೂವಿನ ಎಸಳಿಗೇ 105 ಉದ್ದ ಕಂಬ!

ಎಲೆ, ದಂಟು, ಗುಚ್ಛ

ಹಸಿರು ನೂಲಿನಲ್ಲಿ 11 ಸರಪಳಿ. ಕಡ್ಡಿಯಿಂದ ಎರಡನೆಯ ಸರಪಳಿಯಿಂದ ಆರಂಭಿಸಿ 2 ಗಿಡ್ಡ, 5 ಉದ್ದ, 2 ಗಿಡ್ಡ ಕಂಬ. ಕೊನೆಯ ಸರಪಳಿಯೊಂದರಲ್ಲೇ 3 ಗಿಡ್ಡ ಕಂಬ ಹಾಕಿದರೆ ಹೆಣಿಗೆ ತಿರುಗಿ ಸರಪಳಿಯ ಇನ್ನೊಂದು ಮಗ್ಗುಲಿಗೆ ಬರುತ್ತದೆ. ಅಲ್ಲಿಯೂ 2 ಗಿಡ್ಡ, 5 ಉದ್ದ, 2 ಗಿಡ್ಡ. ಜಾರು ಹೊಲಿಗೆಯಿಂದ ಮುಗಿಸಬೇಕು. ನಡುವೆ ನರವಿರುವ ಎಲೆ ಸಿದ್ಧ. ಹೂವೊಂದಕ್ಕೆ ಎರಡರಂತೆ ಹದಿನಾಲ್ಕು ಎಲೆ ಬೇಕು.

ಒಂದಡಿ ಉದ್ದದ ತಂತಿಯ ತುದಿಯನ್ನು ಚಿಕ್ಕ ಉಂಗುರದಂತೆ ಬಗ್ಗಿಸಿ ಹೂವಿನ ಬುಡಕ್ಕೆ ಹೊಲಿದು, ತಂತಿಗೆ ತೆಳುವಾಗಿ ಅಂಟು ಸವರಿ ಹಸಿರು ನೂಲನ್ನು ಒತ್ತಾಗಿ ಸುತ್ತಬೇಕು. ಸುತ್ತುತ್ತಲೇ ನಡುನಡುವೆ ಎಲೆಯ ಬಾಲವನ್ನು ಸೇರಿಸಿಕೊಂಡರೆ ಬೇರೆ ಗಂಟು ಬೇಕಿಲ್ಲ. ಕೆಳತುದಿಯನ್ನೂ ಬಗ್ಗಿಸಿ ನೂಲಿನಿಂದ ಮುಚ್ಚಬೇಕು. ಚೂಪು ಬಿಟ್ಟರೆ ಕೈಗೆ ಚುಚ್ಚುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತಂತಿ ಕತ್ತರಿಸುವ ಕೆಲಸ ದೊಡ್ಡವರದ್ದಾಗಿರಲಿ. ಒಂದು ಹೂವನ್ನು ನಡುವೆ ಎತ್ತರಕ್ಕೆ, ಆರನ್ನು ಸುತ್ತಲೂ ಸ್ವಲ್ಪ ತಗ್ಗಿಗೆ ಹಿಡಿದು ಕಟ್ಟಿ ಕಾಗದ ಸುತ್ತಿದರೆ ಗುಚ್ಛವಾಯಿತು.

ಆರರ ಗುಟ್ಟು

ಗುಲಾಬಿಯ ಪಟ್ಟಿ ತಾನಾಗಿ ಸುರುಳಿಗಟ್ಟುವುದೇಕೆ? ಇದನ್ನು ತಿಳಿಯಲು ಒಂದು ಚಪ್ಪಟೆ ಬಿಲ್ಲೆ ಹೆಣೆದು ನೋಡಬೇಕು. ನಾಲ್ಕು ಸರಪಳಿಯನ್ನು ಜಾರು ಹೊಲಿಗೆಯಿಂದ ಉಂಗುರ ಮಾಡಿ ಅದರೊಳಗೆ 6 ಗಿಡ್ಡ ಕಂಬ ಹಾಕಿದರೆ ಮೊದಲ ಸುತ್ತು. ಎರಡನೆಯ ಸುತ್ತಿನಲ್ಲಿ 12, ಮೂರನೆಯದರಲ್ಲಿ 18, ನಾಲ್ಕನೆಯದರಲ್ಲಿ 24. ಪ್ರತಿ ಸುತ್ತಿಗೂ ಆರು ಹೆಚ್ಚಿದರೆ ಬಿಲ್ಲೆ ಚಪಾತಿಯಂತೆ ಚಪ್ಪಟೆಯಾಗಿ ಮಲಗುತ್ತದೆ. ಸೂರ್ಯಕಾಂತಿಯ ನಡುವಿನ ಭಾಗಕ್ಕೆ ಇದೇ ಬೇಕು.

ಆರೇ ಏಕೆ? ಹತ್ತನೆಯ ತರಗತಿಯ ಮಕ್ಕಳಿಗೆ ಉತ್ತರ ಗೊತ್ತೇ ಇದೆ, ಗೊತ್ತಿದೆ ಎಂಬುದು ಮಾತ್ರ ಗೊತ್ತಿಲ್ಲ. ವೃತ್ತದ ಪರಿಧಿ ತ್ರಿಜ್ಯದ ಎರಡು ಪೈ ಪಟ್ಟು, ಅಂದರೆ ಸುಮಾರು 6.28 ಪಟ್ಟು. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಒಂದು ಸುತ್ತು ಏರಿದಾಗ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಪರಿಧಿ ಆರು ಹೊಲಿಗೆಯಷ್ಟು ಬೆಳೆಯಬೇಕು. ಉದ್ದ ಕಂಬ ಎತ್ತರವಾದದ್ದರಿಂದ ಅದರಲ್ಲಿ ಹೆಣೆದರೆ ಪ್ರತಿ ಸುತ್ತಿಗೂ 12 ಹೆಚ್ಚಿಸುವುದು ರೂಢಿ. ಲೆಕ್ಕದ ಪುಸ್ತಕವನ್ನು ಎಂದೂ ತೆರೆಯದ ಅಜ್ಜಿಯರ ಬೆರಳಿಗೂ ಈ ಪೈ ಗೊತ್ತಿತ್ತು.

ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ಬಿಲ್ಲೆಯ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಟೋಪಿ ಹೆಣೆಯುವ ಗುಟ್ಟು ಅದೇ. ಆರಕ್ಕಿಂತ ಹೆಚ್ಚಾದರೆ ಅಂಚಿಗೆ ಜಾಗ ಸಾಲದೆ ಅಲೆಅಲೆಯಾಗಿ ನೆರಿಗೆ ಕಟ್ಟುತ್ತದೆ. ಗುಲಾಬಿಯ ಪಟ್ಟಿಯಲ್ಲೂ ಆದದ್ದು ಇದೇ. ಬುಡದ ಸರಪಳಿ ಚಿಕ್ಕದು, ಮೇಲಿನ ಅಂಚು ದೊಡ್ಡದು. ಇನ್ನು ಪ್ರತಿ ಸುತ್ತಿನಲ್ಲೂ ಪ್ರತಿ ಕಣ್ಣಿಗೆ ಎರಡೆರಡು ಕಂಬ ಹಾಕುತ್ತ ಹೋದರೆ 6, 12, 24, 48, 96, 192 ಎಂದು ಹೊಲಿಗೆ ಇಮ್ಮಡಿಯಾಗುತ್ತದೆ. ಚಪ್ಪಟೆ ಬಿಲ್ಲೆಯ ಆರನೆಯ ಸುತ್ತಿನಲ್ಲಿ 36 ಹೊಲಿಗೆಯಿದ್ದರೆ ಇಲ್ಲಿ 192! ಅಷ್ಟೂ ಹೊಲಿಗೆ ಅಷ್ಟೇ ಜಾಗದಲ್ಲಿ ಒತ್ತಿಕೊಂಡು ಕೋಳಿಜುಟ್ಟಿನ ಹೂವಿನ ಆಕಾರ ತಾಳುತ್ತದೆ.

ಈ ಕೋಳಿಜುಟ್ಟು ಒಮ್ಮೆ ಗಣಿತದ ತರಗತಿಗೂ ಹೋಗಿತ್ತು. ಯೂಕ್ಲಿಡ್‌ನ ಸಮಾನಾಂತರ ರೇಖೆಗಳ ನಿಯಮಕ್ಕೆ ಒಳಪಡದ ಹೈಪರ್ಬೋಲಿಕ್ ಜ್ಯಾಮಿತಿಯನ್ನು 19ನೇ ಶತಮಾನದಲ್ಲಿ ರಷ್ಯಾದ ಲೊಬಚೆವ್‌ಸ್ಕಿ, ಹಂಗೆರಿಯ ಬೊಯಾಯಿ ಬೇರೆ ಬೇರೆಯಾಗಿ ಕಂಡುಕೊಂಡಿದ್ದರು. ಆದರೆ ಅಂತಹ ಮೇಲ್ಮೈ ಹೇಗಿರುತ್ತದೆ ಎಂದು ವಿದ್ಯಾರ್ಥಿಗಳ ಕೈಗೆ ಕೊಟ್ಟು ತೋರಿಸುವುದು ಕಷ್ಟವಾಗಿತ್ತು. ಕಾಗದದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ, ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಅದನ್ನು ಕ್ರೋಶಾದಲ್ಲಿ ಹೆಣೆದರು. ಹೊಲಿಗೆಯನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋಗುವುದೇ ಅವರ ಉಪಾಯ. ಈ ಬಗ್ಗೆ ಅವರು 2009ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ 2012ರಲ್ಲಿ ಆಯ್ಲರ್ ಹೆಸರಿನ ಗಣಿತ ಪುಸ್ತಕ ಪ್ರಶಸ್ತಿಯೂ ಬಂತು.

ಕೈಕಸುಬಿನ ಮೂಲಕವೇ ಗಣಿತವನ್ನೂ ವಿಜ್ಞಾನವನ್ನೂ ಕಲಿಸಬೇಕೆಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಪ್ರತಿಪಾದಿಸಿದ್ದೂ ಇದನ್ನೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪಾಟೀಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳಿಂದ ಕಲಿಯಬೇಕೆಂಬ ಮಾತಿದೆ. ಅಂತಹ ದಿನಗಳಿಗೆ ಒಂದು ಕ್ರೋಶಾ ಕಡ್ಡಿಗಿಂತ ಅಗ್ಗದ ಪ್ರಯೋಗಶಾಲೆ ಸಿಗುವುದು ಕಷ್ಟ.

ಯಂತ್ರಕ್ಕೆ ಒಗ್ಗದ ಕೆಲಸ

ಇನ್ನು ಎರಡನೆಯ ಲೆಕ್ಕ. ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವ ನಿಟ್ಟಿಂಗ್ ಕೆಲಸಕ್ಕೆ ಯಂತ್ರ ಬಂದು ನಾಲ್ಕು ಶತಮಾನ ದಾಟಿದೆ. 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದ. ಕ್ರೋಶಾದ ಕಥೆ ಬೇರೆ. ಪ್ರಯೋಗಗಳು ನಡೆದಿವೆಯಾದರೂ, ಕೈಯ ಕ್ರೋಶಾವನ್ನು ಹಾಗೆಯೇ ಹೆಣೆದು ರಾಶಿ ಹಾಕುವ ಕಾರ್ಖಾನೆಯ ಯಂತ್ರ ಬಳಕೆಗೆ ಬಂದಿಲ್ಲ. ಕ್ರೋಶಾದಂತೆ ಕಾಣುವ ಯಂತ್ರದ ಲೇಸು ನಿಜವಾಗಿ ಬೇರೆ ಬಗೆಯ ಹೆಣಿಗೆ. ಹಾಗಾದರೆ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಕಾಣುವ ಪ್ರತಿಯೊಂದು ಕ್ರೋಶಾ ಗುಲಾಬಿಯನ್ನೂ ಯಾರೋ ಒಬ್ಬರು ಎಲ್ಲೋ ಕುಳಿತು ಒಂದೊಂದೇ ಹೊಲಿಗೆ ಎಣಿಸಿ ಮಾಡಿದ್ದಾರೆ. ಅವರಿಗೆ ಸಿಕ್ಕಿದ್ದೆಷ್ಟು?

ಕ್ರೋಶಾ ಹೂ ಹೊಟ್ಟೆ ತುಂಬಿಸಿದ ಚರಿತ್ರೆಯೂ ಉಂಟು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಭೀಕರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಆಗ ಬಡ ಕುಟುಂಬಗಳ ಹೆಂಗಸರಿಗೆ, ಮಕ್ಕಳಿಗೆ ಸಿಕ್ಕ ಆಸರೆಗಳಲ್ಲಿ ಒಂದು ಕ್ರೋಶಾ ಲೇಸು. ಕಾರ್ಕ್‌ನ ಕ್ರೈಸ್ತ ಸನ್ಯಾಸಿನಿಯರು ಅದನ್ನು ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸ್ಸಾಂಡ್ರಾ ಹ್ಯಾಂಡ್ 1847ರಲ್ಲಿ ಈ ಕೆಲಸ ಆರಂಭಿಸಿದರು. ಗುಲಾಬಿ, ಎಲೆ, ಕಾಡುಹೂಗಳನ್ನು ಬಿಡಿಬಿಡಿಯಾಗಿ ಹೆಣೆದು ನಂತರ ಬಲೆಯ ಹೆಣಿಗೆಯಿಂದ ಜೋಡಿಸುವುದು ಐರಿಷ್ ಕ್ರೋಶಾದ ಪದ್ಧತಿ.

ನಮ್ಮ ನೆರೆಯ ಆಂಧ್ರಪ್ರದೇಶದ ಗೋದಾವರಿ ತೀರದ ನರಸಾಪುರಕ್ಕೂ ಈ ಕಸುಬು 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಬಂತು. ಅಲ್ಲಿನ ಲೇಸು ವಿದೇಶಗಳಿಗೆ ರಫ್ತಾಗುತ್ತದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಆ ಊರ ಲೇಸಿನ ಇನ್ನೊಂದು ಮುಖವನ್ನು ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೆರೆದಿಟ್ಟರು. ಮನೆಯಲ್ಲೇ ಕುಳಿತು ದಿನಕ್ಕೆ ಹಲವು ಗಂಟೆ ಹೆಣೆಯುತ್ತಿದ್ದ ಸಾವಿರಾರು ಹೆಂಗಸರನ್ನು ಯಾರೂ ಕಾರ್ಮಿಕರೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ‘ಗೃಹಿಣಿ’ಯರು, ಹೆಣಿಗೆ ಅವರ ‘ಬಿಡುವಿನ ಕೆಲಸ’. ಹೀಗೆ ಹೆಸರಿಟ್ಟದ್ದರಿಂದಲೇ ಕೂಲಿ ಕಡಿಮೆ, ಲಾಭ ವ್ಯಾಪಾರಿಗೆ ಎಂಬುದು ಅವರ ವಾದ.

ಗಂಟೆಯ ಲೆಕ್ಕ

ಇದನ್ನು ಮಕ್ಕಳು ಸ್ವತಃ ಲೆಕ್ಕ ಹಾಕಿ ನೋಡಬಹುದು. ಕೈ ಪಳಗಿದವರು ಒಂದು ಗುಲಾಬಿಗೆ 40 ನಿಮಿಷ ತೆಗೆದುಕೊಂಡರು ಎಂದಿಟ್ಟುಕೊಳ್ಳೋಣ. ಏಳು ಗುಲಾಬಿಗೆ 280 ನಿಮಿಷ. ಹದಿನಾಲ್ಕು ಎಲೆಗೆ ಐದೈದು ನಿಮಿಷದಂತೆ 70. ದಂಟು ಸುತ್ತಿ ಗುಚ್ಛ ಕಟ್ಟಲು ಇನ್ನೂ 70. ಒಟ್ಟು 420 ನಿಮಿಷ, ಅಂದರೆ ಏಳು ಗಂಟೆ. ನೂಲು, ತಂತಿ, ಕಾಗದಕ್ಕೆ 150 ರೂಪಾಯಿ ಖರ್ಚಾಗಿ, ಗುಚ್ಛ 500 ರೂಪಾಯಿಗೆ ಮಾರಾಟವಾದರೆ ಉಳಿಯುವುದು 350. ಗಂಟೆಗೆ 50 ರೂಪಾಯಿ. ನಡುವೆ ಅಂಗಡಿಯವನು, ಸಾಗಣೆಯವನು ಇದ್ದರೆ ಅದರಲ್ಲೂ ಪಾಲು. ಅದೇ ಗುಚ್ಛ 200 ರೂಪಾಯಿಗೆ ಸಿಗುತ್ತದೆ ಎಂದರೆ ಹೆಣೆದವರ ಕೈಗೆ ಎಷ್ಟು ಬಿದ್ದಿರಬಹುದು ಎಂಬುದಕ್ಕೆ ಬೀಜಗಣಿತ ಬೇಡ, ವ್ಯವಕಲನ ಸಾಕು.

ಅಂಗಡಿಯಲ್ಲೇ ಅಗ್ಗವಾಗಿ ಸಿಗುತ್ತದಲ್ಲ ಎಂಬ ಮಾತು ಇಲ್ಲಿಗೆ ಬಂದು ಸ್ವಲ್ಪ ತಡವರಿಸುತ್ತದೆ. ಅಗ್ಗವಾದದ್ದು ನೂಲಲ್ಲ, ಯಾರದೋ ಗಂಟೆ. ಒಮ್ಮೆ ತನ್ನ ಬೆರಳಿನಿಂದ 105 ಕಂಬ ಎಣಿಸಿದ ಹುಡುಗನಿಗೋ ಹುಡುಗಿಗೋ ಇದನ್ನು ಯಾರೂ ಉಪದೇಶ ಮಾಡಬೇಕಾಗಿಲ್ಲ. ಸಂತೆಯಲ್ಲಿ ಬುಟ್ಟಿ ಮಾರುವವಳೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುವಾಗ ಆ ಎಣಿಕೆ ನೆನಪಿಗೆ ಬಂದೀತು. ಮನೆಯಲ್ಲೇ ಅಮ್ಮ ‘ಸುಮ್ಮನೆ ಕೂತು’ ಮಾಡುವ ಕೆಲಸಗಳ ಲೆಕ್ಕವೂ ಹೊಳೆದೀತು.

ಓದಿಗೆ ತೊಂದರೆಯಾಗದಂತೆ ಇದನ್ನು ಮಾಡುವ ದಾರಿಯೂ ಸರಳ. ದಿನಕ್ಕೆ ಅರ್ಧ ಗಂಟೆ, ಅದೂ ಓದು ಮುಗಿದ ಮೇಲೆ. ಒಂದು ವಾರ ಹೊಲಿಗೆ ಕಲಿಯುವುದಕ್ಕೆ, ಆಮೇಲೆ ಎರಡು ಮೂರು ದಿನಕ್ಕೊಂದು ಹೂ. ಒಂದು ತಿಂಗಳಲ್ಲಿ ಗುಚ್ಛ ಮುಗಿಯುತ್ತದೆ. ಕ್ರೋಶಾದಲ್ಲಿ ಒಮ್ಮೆಗೆ ಒಂದೇ ಕುಣಿಕೆ ಕಡ್ಡಿಯ ಮೇಲಿರುವುದರಿಂದ ಎಲ್ಲಿ ಬೇಕಾದರೂ ನಿಲ್ಲಿಸಿ ಪುಸ್ತಕಕ್ಕೆ ಮರಳಬಹುದು. ಎಣಿಕೆ ತಪ್ಪಿದರೆ ನೂಲಿನ ತುದಿ ಹಿಡಿದು ಎಳೆದರಾಯಿತು. ತಪ್ಪಿದ ಜಾಗದವರೆಗೆ ಬಿಚ್ಚಿ ಅಲ್ಲಿಗೆ ಎಳೆಯುವುದನ್ನು ನಿಲ್ಲಿಸಬೇಕು. ನೂಲು ಒಂದಿಂಚೂ ಹಾಳಾಗುವುದಿಲ್ಲ. ಎಡಗೈ ಮಕ್ಕಳಿಗೆ ಬಲಗೈಯಲ್ಲೇ ಹಿಡಿ ಎಂದು ಒತ್ತಾಯಿಸಬಾರದು. ಕಲಿಸುವವರ ಪಕ್ಕದಲ್ಲಿ ಕೂರುವ ಬದಲು ಎದುರಿಗೆ ಕುಳಿತು ಕನ್ನಡಿಯಂತೆ ನೋಡಿ ಮಾಡಿದರೆ ಅವರಿಗೂ ಸುಲಭ.

ಕಲಿಸುವವರನ್ನು ದೂರ ಹುಡುಕಬೇಕಾಗಿಯೂ ಇಲ್ಲ. ಅಜ್ಜಿಯೋ ದೊಡ್ಡಮ್ಮನೋ ಪಕ್ಕದ ಮನೆಯವರೋ ಒಂದಾನೊಂದು ಕಾಲದಲ್ಲಿ ಈ ಕಡ್ಡಿ ಹಿಡಿದವರೇ ಆಗಿರುತ್ತಾರೆ. ವಿಡಿಯೋದಲ್ಲಿ ಕೈ ಎಷ್ಟು ಬಿಗಿ ಹಿಡಿಯಬೇಕೆಂಬುದು ಕಾಣುವುದಿಲ್ಲ, ಪಕ್ಕದಲ್ಲಿ ಕುಳಿತವರು ಬೆರಳು ಮುಟ್ಟಿ ತೋರಿಸುತ್ತಾರೆ. ಈ ಭಾನುವಾರ ಟ್ರಂಕಿನ ತಳದಲ್ಲಿರುವ ಹಳೆಯ ಕ್ರೋಶಾ ಹಾಸನ್ನು ಹೊರತೆಗೆದು, ಅದರ ನಡುವಿನಿಂದ ಸುತ್ತುಗಳನ್ನು ಎಣಿಸುತ್ತ ಬನ್ನಿ. ಅದನ್ನು ಹೆಣೆದವರಿಗೆ ಎಷ್ಟು ದಿನ ಹಿಡಿದಿತ್ತು ಎಂದು ಮನೆಯ ಹಿರಿಯರನ್ನೂ ಕೇಳಿ.